ಅಜ್ಜನ ಕಾಲದ ಹಿತ್ತಾಳೆ ತೋಟೆ ಕೇಸುಗಳನ್ನು ಕೆಡಿಸದೆ ತೊಳೆಯುವುದು ಹೇಗೆ?

ಬಾಳೆಲೆ ತೋಟಗಾರ

ಎಲ್ಲರಿಗೂ ನಮಸ್ಕಾರ. ಈ ಸಲ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಮುಂಚೆ ಐನ್‌ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ಅಟ್ಟ ಗುಡಿಸುತ್ತಿದ್ದಾಗ ಅಜ್ಜನ ಕಾಲದ ಒಂದು ತಗಡಿನ ಡಬ್ಬ ಸಿಕ್ಕಿತು. ಒಳಗೆ ಹನ್ನೆರಡು ಬೋರಿನ ಕೋವಿಯ 42 ಕೇಸುಗಳಿದ್ದವು, ಅಂದರೆ ಮದ್ದು ಮತ್ತು ಚರೆ ತುಂಬುವ ತೋಟೆಯ ಹೊರ ಕವಚಗಳು. ಈಗ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ತೋಟೆಗಳಂತೆ ಬುಡಕ್ಕೆ ಮಾತ್ರ ಲೋಹ ಇರುವಂಥವಲ್ಲ. ಬುಡದಿಂದ ಬಾಯಿಯವರೆಗೂ ಹಿತ್ತಾಳೆಯವೇ. ಕೆಲವದರ ಬುಡದಲ್ಲಿ ಕೈನಾಕ್ ಎಂಬ ಇಂಗ್ಲಿಷ್ ಕಂಪನಿಯ ಅಚ್ಚು ಇನ್ನೂ ಓದಲು ಬರುತ್ತದೆ, ಉಳಿದವು ಹಸಿರು ಕಿಲುಬು ಹಿಡಿದು ಗುರುತು ಸಿಗದಂತಾಗಿವೆ. ಒಳಗೆಲ್ಲ ಕರಿ ಮದ್ದಿನ ಮಸಿ ಕಲ್ಲಿನಂತೆ ಗಟ್ಟಿಯಾಗಿದೆ.

ಹಬ್ಬದ ದಿನ ಕೋವಿಗೆ ತೋಕ್ ಪೂ ಹೂವನ್ನು ಸಿಕ್ಕಿಸಿ ನೆಲ್ಲಕ್ಕಿ ನಡುಬಾಡೆಯಲ್ಲಿ (ದೀಪವಿರುವ ನಡುಮನೆಯಲ್ಲಿ) ಇಡುವಾಗ ಈ ಕೇಸುಗಳನ್ನೂ ತೊಳೆದು ಜೊತೆಗಿಡಬೇಕೆಂದು ತಾಯಿಯವರ ಆಸೆ. ಮನೆಯವಳು ದೀಪ ತೊಳೆಯುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿಬಿಡೋಣ ಎನ್ನುತ್ತಾಳೆ. ನನ್ನ ಭಾವ, ಅವರು .315 ರೈಫಲ್ ಇಟ್ಟುಕೊಂಡವರು, ಅವರ ಬಳಿಯೂ ಹೊಡೆದು ಉಳಿದ ನೂರರಷ್ಟು ಖಾಲಿ ಕೇಸುಗಳಿವೆ. ಹೊರದೇಶದ ಶೂಟರ್‌ಗಳು ಇವನ್ನು ತೊಳೆದು ಮತ್ತೆ ತುಂಬಿಸುತ್ತಾರಂತೆ, ನಾವೂ ಮಾಡಬಹುದೇ ಎಂದು ಕೇಳುತ್ತಿದ್ದಾರೆ. ತೊಳೆಯುವ ವಿಷಯ, ತುಂಬುವ ವಿಷಯ ಎರಡನ್ನೂ ತಿಳಿದವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ವಿರಾಜಪೇಟೆ ವಕೀಲ

ಎರಡನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಅದು ಚಿಕ್ಕದು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯಿದೆಯ 41ನೇ ಸೆಕ್ಷನ್ ಪ್ರಕಾರ ಸಿಕ್ಕಿರುವ ಲೈಸನ್ಸ್ ವಿನಾಯಿತಿ, ಈಗ 2029ರ ಅಕ್ಟೋಬರ್ 31ರವರೆಗೆ ಮುಂದುವರಿದಿರುವಂಥದು, ಕೋವಿಯನ್ನು ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದೇ ಹೊರತು ಮದ್ದುಗುಂಡು ತಯಾರಿಸುವುದಕ್ಕಲ್ಲ. ತಯಾರಿಕೆಯ ಮಾತು 5ನೇ ಸೆಕ್ಷನ್ನಿನದು, ಅದಕ್ಕೆ ಬೇರೆಯೇ ಲೈಸನ್ಸ್ ಬೇಕು. ಖಾಲಿ ಕೇಸಿಗೆ ಹೊಸ ಕೇಪು (ಪಿನ್ನಿನ ಹೊಡೆತಕ್ಕೆ ಮದ್ದಿಗೆ ಬೆಂಕಿ ಹೊತ್ತಿಸುವ ಪುಟ್ಟ ಲೋಹದ ಟೋಪಿ) ಕೂರಿಸಿ, ಮದ್ದು ಹಾಕಿ, ಗುಂಡು ಇಟ್ಟು ಜೀವಂತ ತೋಟೆ ಮಾಡುವುದನ್ನು ಯಾವ ನ್ಯಾಯಾಲಯದ ಮುಂದೆಯೂ ತಯಾರಿಕೆಯಲ್ಲವೆಂದು ವಾದಿಸಲು ನಾನಂತೂ ಒಪ್ಪಿಕೊಳ್ಳುವುದಿಲ್ಲ. ಮದ್ದಿನ ಪುಡಿ ಇಟ್ಟುಕೊಳ್ಳುವುದಕ್ಕೆ ಸ್ಫೋಟಕಗಳ ಕಾಯಿದೆ ಬೇರೆ ಇದೆ.

ಇನ್ನು ಖಾಲಿ ಕೇಸು. ಕಾಯಿದೆಯ ವ್ಯಾಖ್ಯಾನದಲ್ಲಿ ಮದ್ದುಗುಂಡಿನ ಭಾಗಗಳೂ ಮದ್ದುಗುಂಡೇ. ಆದರೆ 45ನೇ ಸೆಕ್ಷನ್ನಿನ (ಡಿ) ಖಂಡದಲ್ಲಿ, ಬೇರೆ ಪೂರಕ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಚಿಕ್ಕ ಭಾಗಗಳನ್ನು ಕಾಯಿದೆಯ ಹೊರಗಿಟ್ಟಿದ್ದಾರೆ. ಪೂಜೆಗಿಡುವ ಅಜ್ಜನ ಕೇಸುಗಳಿಗೆ ಆ ರಕ್ಷಣೆ ಇದೆ; ಮತ್ತೆ ತುಂಬುವ ಉದ್ದೇಶದಿಂದ ಕೂಡಿಟ್ಟರೆ ಆ ರಕ್ಷಣೆ ಅಲ್ಲಿಗೇ ಹೋಯಿತು. ಉದ್ದೇಶ ಎಂಬ ಒಂದು ಪದದ ಮೇಲೆ ಎಲ್ಲವೂ ನಿಂತಿದೆ. ಭಾವನಿಗೆ ಆಸಕ್ತಿ ಇದ್ದರೆ ಮೊದಲು ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರ ವಿಭಾಗದಲ್ಲಿ ಬರಹದಲ್ಲಿ ಕೇಳಲಿ. ಇಲ್ಲಿ ತೊಳೆಯುವುದರ ಬಗ್ಗೆ ಮಾತ್ರ ಮಾತಾಡೋಣ ಎಂದು ನನ್ನ ವಿನಂತಿ.

ಪೊನ್ನಂಪೇಟೆ ಆರ್ಮರರ್

ವಕೀಲರ ಮಾತಿಗೆ ನನ್ನ ಒಪ್ಪಿಗೆ ಇದೆ. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಆಯುಧಗಳ ರಿಪೇರಿಯ ಕೆಲಸವನ್ನೇ ಮಾಡಿದವನಾಗಿ ನಾನು ಹೇಳುವುದಿಷ್ಟು: ತೋಟಗಾರರೇ, ನೀವು ಹುಣಸೆಹಣ್ಣು ನೆನೆಹಾಕುವುದಕ್ಕೆ ಮೊದಲು ಆ 42ನ್ನೂ ಒಂದೊಂದಾಗಿ ಹಗಲು ಬೆಳಕಿನಲ್ಲಿ ನೋಡಿ. ಹಳೆಯ ಡಬ್ಬಗಳಲ್ಲಿ ಖಾಲಿ ಮತ್ತು ತುಂಬಿದ್ದು ಬೆರೆತಿರುವುದು ನಾನು ಕಂಡಷ್ಟು ಸಲ ನೀವು ಕಂಡಿರಲಾರಿರಿ.

ಬುಡದ ನಡುವಿನ ಕೇಪನ್ನು ನೋಡಿ. ಹೊಡೆದಿದ್ದರೆ ಫೈರಿಂಗ್ ಪಿನ್ನಿನ ಗುಳಿ ಸ್ಪಷ್ಟವಾಗಿ ಕಾಣಬೇಕು. ಗುಳಿ ಇದ್ದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ, ಏಕೆಂದರೆ ಹೊಡೆದೂ ಹಾರದ ತೋಟೆಗೂ ಗುಳಿ ಇರುತ್ತದೆ. ಬಾಯಿಯ ಕಡೆಯಿಂದ ಇಣುಕಿ ಬರಿದಾಗಿದೆಯೇ, ಕೇಪಿನಿಂದ ಮದ್ದಿಗೆ ಬೆಂಕಿ ಹೋಗುವ ಕಿಂಡಿ ಕಾಣುತ್ತದೆಯೇ ನೋಡಿ. ಹಿತ್ತಾಳೆ ಕೇಸಿನಲ್ಲಿ ಚರೆಯ ಮೇಲೆ ಒಂದು ರಟ್ಟಿನ ಬಿಲ್ಲೆ ಇಟ್ಟು ಮೇಣ ಹಾಕಿ ಮುಚ್ಚುತ್ತಿದ್ದರು. ಆ ಬಿಲ್ಲೆ ಕಪ್ಪಾಗಿ ಒಳಕ್ಕೆ ಇಳಿದಿದ್ದರೆ ಮಸಿ ತುಂಬಿದ ಖಾಲಿ ಕೇಸಿನಂತೆಯೇ ತೋರುತ್ತದೆ. ಕೈಯಲ್ಲಿ ತೂಗಿ ನೋಡಿದರೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಅಂಥದೊಂದು ಸಿಕ್ಕರೆ ಕೆದಕಬೇಡಿ, ನೀರಿಗೆ ಹಾಕಬೇಡಿ, ಎಣ್ಣೆಯಲ್ಲಿ ನೆನೆಸಿಟ್ಟರೆ ಕೇಪು ಸಾಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೀರೂ ಎಣ್ಣೆಯೂ ಕೇಪನ್ನು ಸಾಯಿಸುತ್ತವೆ ಎಂಬುದಕ್ಕೆ ಖಾತರಿ ಇಲ್ಲ. ಒಣಗಿದ ಮೇಲೆ ಅದು ಮತ್ತೆ ಜೀವ ತಳೆಯಬಲ್ಲದು. ಬೇರೆಯಾಗಿ ತೆಗೆದಿಟ್ಟು, ಲೈಸನ್ಸ್ ಇರುವ ಕೋವಿ ಅಂಗಡಿಯವರಿಗೋ ಠಾಣೆಗೋ ತಿಳಿಸಿ.

ಮಡಿಕೇರಿ ಶೂಟರ್

ಅಣ್ಣ, ಹುಣಸೆಹಣ್ಣಿನ ಬದಲು ಅಡಿಗೆಗೆ ಹಾಕುವ ನಮ್ಮ ಕೊಡಗಿನ ಹುಳಿ, ಕಾಚಂಪುಳಿ, ಹಾಕಿದರೆ ಹೇಗೆ? ನಮ್ಮ ಮನೆಯಲ್ಲಿ ಅದರ ಎರಡು ತೊಟ್ಟು ಬಿದ್ದ ಹಿತ್ತಾಳೆ ಬಟ್ಟಲು ಕ್ಷಣಮಾತ್ರದಲ್ಲಿ ಫಳಫಳ ಹೊಳೆದಿತ್ತು. ಹುಳಿ ಹೆಚ್ಚಿದ್ದಷ್ಟೂ ಬೇಗ ಶುಚಿಯಾಗಬೇಕಲ್ಲವೇ?

ಸೋಮವಾರಪೇಟೆ ರಸಾಯನ

ಕಾಚಂಪುಳಿಯನ್ನು ಪಂದಿ ಕರಿಗೇ ಇಟ್ಟುಕೊಳ್ಳಿ ತಮ್ಮ, ಅದರ ಈಗಿನ ಬೆಲೆಗೆ ಕೇಸು ತೊಳೆಯುವುದು ಅನ್ಯಾಯ. ಆದರೆ ನಿಮ್ಮ ಪ್ರಶ್ನೆ ಒಳ್ಳೆಯದು, ಏಕೆಂದರೆ ಹುಳಿ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆಯೇ ಹಿತ್ತಾಳೆಯನ್ನು ಕೆಡಿಸುವುದು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು, ಕೋವಿಯ ಬಗ್ಗೆ ನನಗೆ ತಿಳಿದಿರುವುದು ಕಡಿಮೆ, ಹಿತ್ತಾಳೆಯ ಬಗ್ಗೆ ಸ್ವಲ್ಪ ತಿಳಿದಿದೆ.

ತೋಟೆಯ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಹೊಡೆದ ಕೇಸಿನ ಮೇಲಿನ ಕಪ್ಪು ಮತ್ತು ಕಿಲುಬು ಹೆಚ್ಚಾಗಿ ತಾಮ್ರದ ಆಕ್ಸೈಡ್ ಹಾಗೂ ತಾಮ್ರದ ಲವಣಗಳು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವೂ ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲವೂ ಇವನ್ನು ಕರಗಿಸಿ ನೀರಿಗೆ ಬಿಡುತ್ತವೆ, ಇಷ್ಟರವರೆಗೆ ಒಳ್ಳೆಯದೇ. ಅಲ್ಲಿಗೆ ನಿಲ್ಲಿಸದಿದ್ದರೆ ಆಮ್ಲ ಲೋಹಕ್ಕೇ ಕೈ ಹಾಕುತ್ತದೆ, ಮತ್ತು ಮೊದಲು ಹೋಗುವುದು ಸತು. ಸತು ಹೋದ ಜಾಗದಲ್ಲಿ ತಾಮ್ರ ಮಾತ್ರ ಉಳಿದು ಹಿತ್ತಾಳೆ ಹೊಂಬಣ್ಣ ಬಿಟ್ಟು ಗುಲಾಬಿಗೆ ತಿರುಗುತ್ತದೆ. ತೆಳುವಾದ ಗುಲಾಬಿ ಬಣ್ಣ ಮೇಲ್ಮೈಯದಷ್ಟೇ ಆಗಿರಬಹುದು, ಆದರೆ ಅದು ನೀವು ನಿಲ್ಲಿಸಬೇಕಾದ ಹೊತ್ತು ಮೀರಿತು ಎಂಬ ಸೂಚನೆ. ದೀಪಕ್ಕೆ ಹೀಗಾದರೆ ಅಂದಗೆಡುತ್ತದೆ, ಅಷ್ಟೆ. ಒಳಗಿನ ಒತ್ತಡ ತಡೆಯಬೇಕಾದ ಗೋಡೆಗೆ ಹೀಗಾದರೆ ಬಲವೇ ಕುಂದುತ್ತದೆ. ಉಪ್ಪು ಬೆರೆಸಿದರೆ ಕ್ಲೋರೈಡ್ ಸೇರಿ ಈ ಕೆಲಸ ಇನ್ನೂ ಬೇಗ ನಡೆಯುವುದರಿಂದ ಮನೆಯವರ ಹುಣಸೆ-ಉಪ್ಪಿನ ಜೋಡಿಯಲ್ಲಿ ಉಪ್ಪನ್ನಾದರೂ ಬಿಟ್ಟುಬಿಡಿ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಒಂದು ಲೀಟರ್ ಬಿಸಿ ನೀರಿಗೆ ಒಂದು ಸಣ್ಣ ಚಮಚ, ಅಂದರೆ ಸುಮಾರು 5 ಗ್ರಾಂ ನಿಂಬೆಉಪ್ಪು (ಅಡಿಗೆ ಉಪ್ಪಲ್ಲ, ಸಿಟ್ರಿಕ್ ಆಮ್ಲದ ಹರಳು) ಮತ್ತು ಪಾತ್ರೆ ತೊಳೆಯುವ ಸೋಪಿನ ಎರಡು ಹನಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಕಬ್ಬಿಣದ ಪಾತ್ರೆಯಲ್ಲಲ್ಲ. ಐದು ನಿಮಿಷ, ತೀರ ಹೆಚ್ಚೆಂದರೆ ಹತ್ತು. ಆಮೇಲೆ ಎರಡು ಸಲ ಶುದ್ಧ ನೀರು, ನಡುವೆ ಒಂದು ಸಲ ಅಡಿಗೆ ಸೋಡಾ ಹಾಕಿದ ನೀರು. ಸಂಜೆ ನೆನೆಹಾಕಿ ಬೆಳಿಗ್ಗೆ ತೆಗೆಯುವ ಅಭ್ಯಾಸ ಕಡಲೆಕಾಳಿಗೆ ಸರಿ.

ಗೋಣಿಕೊಪ್ಪ ಪಾತ್ರೆಯಂಗಡಿ

ನಾವು ಮೂರು ತಲೆಮಾರಿನಿಂದ ಹಿತ್ತಾಳೆ, ತಾಮ್ರ ಮಾರುವವರು. ನಮ್ಮ ತಂದೆ ಹೊಸ ಹುಳಿಗೆಲ್ಲ ಹೋಗುತ್ತಿರಲಿಲ್ಲ, ಅಂಟುವಾಳದ ನೀರು ಕಾಯಿಸಿ ಅದರಲ್ಲಿ ಕುದಿಸುತ್ತಿದ್ದರು. ಹೊಳಪು ಬೇಕೆಂದವರಿಗೆ ಬಾಟಲಿಯ ದ್ರವ ಪಾಲಿಶ್ ಕೊಡುತ್ತಿದ್ದೆವು, ಒಂದು ಸಲ ಬಟ್ಟೆಯಲ್ಲಿ ಒರೆಸಿದರೆ ಮುಖ ನೋಡಿಕೊಳ್ಳಬಹುದು. ಕೇಸುಗಳಿಗೂ ಅದೇ ಸಾಕಲ್ಲವೇ?

ಸೋಮವಾರಪೇಟೆ ರಸಾಯನ

ಅಂಟುವಾಳ ಅತ್ಯುತ್ತಮ, ಎಣ್ಣೆ ಮಸಿಗೆ ಅದಕ್ಕಿಂತ ಸೌಮ್ಯವಾದದ್ದು ಇಲ್ಲ. ದ್ರವ ಪಾಲಿಶ್ ಮಾತ್ರ ಬೇಡ. ಹಿತ್ತಾಳೆ ಹೊಳಪಿಸುವ ಹಲವು ದ್ರವಗಳಲ್ಲಿ ಅಮೋನಿಯಾ ಇರುತ್ತದೆ, ಮುಚ್ಚಳ ತೆಗೆದೊಡನೆ ಮೂಗಿಗೆ ಹೊಡೆಯುವ ಘಾಟು ಅದರದ್ದೇ. ದೀಪಕ್ಕೆ ಹಾಕಿ, ತೋಟೆಯ ಕೇಸಿಗೆ ಹಾಕಬೇಡಿ. ಇದಕ್ಕೊಂದು ಕಥೆಯಿದೆ, ನಮ್ಮ ಮಳೆಗಾಲದ ಕಥೆಯೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಅವರ ಸೈನ್ಯ ಮಳೆಗಾಲ ಬಂದಾಗ ತೋಟೆಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದು ತೆಗೆದು ನೋಡಿದರೆ ಯಾರೂ ಮುಟ್ಟದ, ಹೊಡೆಯದ ಕೇಸುಗಳ ಗೋಡೆಗಳು ತಾವಾಗಿ ಸೀಳಿರುತ್ತಿದ್ದವು. ಋತು ಬಂದಾಗ ಬರುವ ಬಿರುಕು ಎಂಬ ಅರ್ಥದಲ್ಲಿ ಇಂಗ್ಲಿಷರು ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂದೇ ಹೆಸರಿಟ್ಟರು. ಕಾರಣ ಖಚಿತವಾಗಿ ತಿಳಿದದ್ದು 1921ರಲ್ಲಿ. ಕುದುರೆಯ ಗಂಜಳದಿಂದ ಏಳುವ ಅಮೋನಿಯಾ ತೇವದ ಗಾಳಿಯಲ್ಲಿ ಬೆರೆತು ಹಿತ್ತಾಳೆಯ ಮೇಲೆ ಕೂರುತ್ತಿತ್ತು. ಹಿತ್ತಾಳೆಯ ತುಂಡನ್ನು ಹಂತ ಹಂತವಾಗಿ ತಣ್ಣಗೇ ಎಳೆದು ಕೊಳವೆ ಮಾಡುವಾಗ ಅದರೊಳಗೆ ಉಳಿದುಬಿಟ್ಟ ಬಿಗಿತ ಒಳಗಿನಿಂದ ಎಳೆಯುತ್ತಿತ್ತು. ಎರಡೂ ಸೇರಿ ಲೋಹದ ಹರಳುಗಳ ನಡುವಿನ ಸಂದಿಯಲ್ಲಿ ಬಿರುಕು ಓಡುತ್ತಿತ್ತು. ಬಿಗಿತ ಮಾತ್ರ ಇದ್ದರೆ ಆಗುವುದಿಲ್ಲ, ಅಮೋನಿಯಾ ಮಾತ್ರ ಇದ್ದರೂ ಹೀಗೆ ಸೀಳುವುದಿಲ್ಲ. ಹೆಚ್ಚು ಸತುವಿರುವ ಹಿತ್ತಾಳೆ, ಬಿಗಿತ, ಅಮೋನಿಯಾ, ತೇವ, ಎಲ್ಲವೂ ಒಂದೇ ಕಡೆ ಕೂಡಬೇಕು. ತಯಾರಿಕೆಯ ಕೊನೆಗೆ ಹದವಾಗಿ ಬಿಸಿ ಮಾಡಿ ಆ ಬಿಗಿತ ಇಳಿಸುವುದನ್ನು ರೂಢಿಗೆ ತಂದ ಮೇಲೆ ಈ ಕಾಟ ಕಡಿಮೆಯಾಯಿತು.

ಈಗ ಕೊಡಗಿನ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಕೊಟ್ಟಿಗೆ ಮನೆಗೆ ತಾಗಿಕೊಂಡಿದೆ, ಕೋಳಿ ಗೂಡು ಹಿತ್ತಿಲಲ್ಲಿದೆ, ಕಾಫಿಗೆ ಹಾಕುವ ಯೂರಿಯಾ ಮತ್ತು ಅಮೋನಿಯಂ ಸಲ್ಫೇಟ್ ಚೀಲಗಳು ಗೋಡೌನಿನಲ್ಲಿವೆ. ಲಾಯ ಇಲ್ಲದಿದ್ದರೇನು, ಲಾಯದಲ್ಲಿದ್ದುದೆಲ್ಲ ಇದೆ. ತೋಟಗಾರರೇ, ಆ ಡಬ್ಬ ಅಟ್ಟದಲ್ಲಿ ಯಾವ ಕಡೆ ಇತ್ತು?

ಬಾಳೆಲೆ ತೋಟಗಾರ

ಅಕ್ಕ, ನಿಮ್ಮ ಪ್ರಶ್ನೆ ಓದಿ ಎದೆ ಝಲ್ಲೆಂದಿತು. ಅಟ್ಟದ ಆ ಮೂಲೆಯ ಕೆಳಗೇ ಹಳೆಯ ಕೊಟ್ಟಿಗೆ. ನಾನು ಹುಡುಗನಾಗಿದ್ದಾಗ ಅಲ್ಲಿ ಎಂಟು ದನಗಳಿದ್ದವು.

ಆರ್ಮರರ್ ಹೇಳಿದಂತೆ ಇಂದು ಬೆಳಿಗ್ಗೆ ಜಗಲಿಯಲ್ಲಿ ಬಿಳಿ ಪಂಚೆ ಹಾಸಿ ಒಂದೊಂದನ್ನೇ ನೋಡಿದೆ. 42ರಲ್ಲಿ ಒಂದರೊಳಗೆ ರಟ್ಟಿನ ಬಿಲ್ಲೆ ಇತ್ತು! ಮಸಿಯೆಂದೇ ಎಣಿಸಿದ್ದೆ, ಕೈಗೆತ್ತಿಕೊಂಡಾಗ ಉಳಿದವುಗಳಿಗಿಂತ ಭಾರವಾಗಿದ್ದದ್ದು ಗೊತ್ತಾಯಿತು. ಅದನ್ನು ಬೇರೆ ಇಟ್ಟು ಠಾಣೆಗೆ ಫೋನ್ ಮಾಡಿದ್ದೇನೆ. ಬಿರುಕಿನ ಬಗ್ಗೆ ಇನ್ನೂ ನೋಡಿಲ್ಲ, ಕಿಲುಬಿನ ಕೆಳಗೆ ಏನೂ ಕಾಣುವುದಿಲ್ಲ.

ಪೊನ್ನಂಪೇಟೆ ಆರ್ಮರರ್

ಕೇಸು ತೊಳೆಯುವುದು ಹೊಳೆಯಲಿ ಎಂದಲ್ಲ, ಕಾಣಲಿ ಎಂದು. ಈ ಮಾತನ್ನು ನಮ್ಮ ಉಸ್ತಾದರು ದಿನಕ್ಕೆ ಎರಡು ಸಲ ಹೇಳುತ್ತಿದ್ದರು. ಕನ್ನಡಿಯಂತೆ ಹೊಳೆಯುವ ಕೇಸಿಗೂ ಮಾಸಲು ಕೇಸಿಗೂ ಬಲದಲ್ಲಿ ಯಾವ ವ್ಯತ್ಯಾಸವೂ ಇಲ್ಲ, ಆದರೆ ಮಸಿ ಮುಚ್ಚಿದ ಬಿರುಕು ಯಾರಿಗೂ ಕಾಣುವುದಿಲ್ಲ.

ಅಮೋನಿಯಾದ ಬಗ್ಗೆ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಳಿಗೆಯೊಳಗೆ ಅಂಟಿದ ತಾಮ್ರ ತೆಗೆಯುವ ಕೆಲವು ದ್ರವಗಳಲ್ಲೂ ಅಮೋನಿಯಾ ಇರುತ್ತದೆ, ಅಲ್ಲಿ ಅದೇ ಅದರ ಕೆಲಸ. ಆ ದ್ರವ ಹಿಡಿದ ಕೈಯಲ್ಲೇ, ಅದೇ ಬಟ್ಟೆಯಲ್ಲೇ ಕೇಸುಗಳನ್ನು ಒರೆಸುವುದನ್ನು ಎಷ್ಟೋ ಮಂದಿ ಮಾಡುತ್ತಾರೆ. ಬಟ್ಟೆ ನೀಲಿಯಾಗಿದ್ದರೆ ತಾಮ್ರ ಕರಗಿದೆ ಎಂದರ್ಥ.

ಭಾವನ .315 ಕೇಸುಗಳಿಗೆ ಬೇರೆ ನೋಟ ಬೇಕು. ರೈಫಲ್ ಕೇಸಿನಲ್ಲಿ ಬಿರುಕು ಎರಡು ಕಡೆ ಹುಡುಕಬೇಕು. ಮೊದಲನೆಯದು ಕುತ್ತಿಗೆ, ಅದು ಉದ್ದಕ್ಕೆ ಸೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಎರಡನೆಯದು ಬುಡದಿಂದ ಒಂದು ಬೆರಳಗಲಕ್ಕಿಂತ ಕಡಿಮೆ ಎತ್ತರದಲ್ಲಿ ಸುತ್ತಲೂ ಉಂಗುರದಂತೆ ಮಿನುಗುವ ಗೆರೆ. ಅಲ್ಲಿ ಗೋಡೆ ಒಳಗಿನಿಂದ ಎಳೆದು ತೆಳ್ಳಗಾಗಿರುತ್ತದೆ. ಮುಂದಿನ ಹೊಡೆತಕ್ಕೆ ಬುಡ ಒಂದು ಕಡೆ ಮೈ ಒಂದು ಕಡೆ ಆಗಬಹುದು. ಸಣ್ಣ ತಂತಿಯ ತುದಿಯನ್ನು ಕೊಕ್ಕೆಯಂತೆ ಬಾಗಿಸಿ ಒಳಗೋಡೆಯ ಮೇಲೆ ಎಳೆದು ನೋಡಿ. ಕೊಕ್ಕೆ ಯಾವುದಾದರೂ ತಗ್ಗಿಗೆ ಸಿಕ್ಕಿ ನಿಂತರೆ ಆ ಕೇಸನ್ನು ಅಲ್ಲೇ ಇಕ್ಕುಳದಿಂದ ಚಪ್ಪಟೆ ಮಾಡಿಬಿಡಿ, ಯಾರೂ ಮತ್ತೆ ಎತ್ತಿಕೊಳ್ಳಬಾರದು.

ನಾಪೋಕ್ಲು ಡಾಕ್ಟರ್

ಎಲ್ಲರೂ ಹಿತ್ತಾಳೆಯ ಆರೋಗ್ಯದ ಬಗ್ಗೆ ಮಾತಾಡುತ್ತಿದ್ದೀರಿ. ತೊಳೆಯುವವರ ಆರೋಗ್ಯದ ಮಾತನ್ನು ನಾನು ಆಡುತ್ತೇನೆ.

ಹೊಡೆದ ಕೇಸಿನೊಳಗಿನ ಮಸಿ ಒಲೆಯ ಮಸಿಯಲ್ಲ. ಈಗಿನ ಸಾಮಾನ್ಯ ಕೇಪುಗಳಲ್ಲಿ ಸೀಸದ ಸ್ಟಿಫ್ನೇಟ್, ಬೇರಿಯಂ ನೈಟ್ರೇಟ್, ಆಂಟಿಮನಿ ಸಲ್ಫೈಡ್ ಇರುತ್ತವೆ. ಹೊಡೆದಾಗ ಇವು ಉರಿದು ಅತಿ ನುಣ್ಣನೆಯ ಪುಡಿಯಾಗಿ ಕೇಸಿನೊಳಗೂ ಕೇಪಿನ ಗುಳಿಯಲ್ಲೂ ಉಳಿಯುತ್ತವೆ. ತೋಟಗಾರರ ಡಬ್ಬದ ಕಾಲದ ಕೆಲವು ಕೇಪುಗಳಲ್ಲಿ ಪಾದರಸದ ಫಲ್ಮಿನೇಟ್ ಇರುತ್ತಿತ್ತು, ಅದು ಹಿತ್ತಾಳೆಯನ್ನು ಪೆಡಸು ಮಾಡುವುದು ಬೇರೆ ಮಾತು.

ಸೀಸಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಮೊದಮೊದಲು ಯಾವ ಲಕ್ಷಣವೂ ಇಲ್ಲ. ರಕ್ತದಲ್ಲಿ ಇಷ್ಟಿದ್ದರೆ ಹಾನಿಯಿಲ್ಲ ಎನ್ನುವ ಮಟ್ಟವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಬಸುರಿಯ ಮೂಲಕ ಮಗುವಿಗೂ ಹೋಗುತ್ತದೆ. ಒಬ್ಬರು ನನ್ನ ಬಳಿ ತಿಂಗಳುಗಟ್ಟಲೆ ಹೊಟ್ಟೆನೋವು, ಮಲಬದ್ಧತೆ, ಸುಸ್ತು ಎಂದು ಬಂದಿದ್ದರು. ಹುಡುಕಿ ಹುಡುಕಿ ಕೊನೆಗೆ ರಕ್ತದ ಸೀಸ ನೋಡಿದಾಗ ಕಾರಣ ಸಿಕ್ಕಿತು. ಅವರು ಮನೆಯ ಒಳಗೇ ಸೀಸ ಕರಗಿಸಿ ಬಲೆಗೆ ಗುಂಡು ಮಾಡುತ್ತಿದ್ದವರು, ಅದೇ ಕೈಯಲ್ಲಿ ಎಲೆಯಡಿಕೆ.

ಆದ್ದರಿಂದ: ಅಡಿಗೆಮನೆಯ ಸಿಂಕ್ ಬೇಡ. ಅಡಿಗೆಮನೆಯ ಪಾತ್ರೆ ಬೇಡ, ಆಮೇಲೆ ತೊಳೆದಿಡುತ್ತೇನೆ ಎನ್ನುವುದೂ ಬೇಡ. ಕೈಗವಸು ಹಾಕಿ. ಕೆಲಸ ಮಾಡುವಾಗ ಬೀಡಿ, ಎಲೆಯಡಿಕೆ, ಕಾಫಿ ಯಾವುದೂ ಬೇಡ. ಮುಗಿದ ಮೇಲೆ ತಣ್ಣೀರು, ಸೋಪಿನಲ್ಲಿ ಕೈ ಮತ್ತು ಮುಖ ತೊಳೆಯಿರಿ, ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ. ಮುಖ್ಯವಾಗಿ, ಹಬ್ಬದ ಸಂಭ್ರಮದಲ್ಲಿ ಮಕ್ಕಳ ಕೈಗೆ ಕೇಸು ಕೊಟ್ಟು ಉಜ್ಜಿ ತನ್ನಿ ಎನ್ನಬೇಡಿ.

ಮಡಿಕೇರಿ ಶೂಟರ್

ಡಾಕ್ಟರೇ, ಇದು ನನಗೆ ಹೊಸ ವಿಷಯ. ನಾನು ತೆಂಗಿನಕಾಯಿಗೆ ಹೊಡೆಯುವ ಸ್ಪರ್ಧೆಗಳಿಗೆ .22 ಹಿಡಿದು ಹೋಗುವವನು, ಅದರ ಕೇಸುಗಳನ್ನು ಮತ್ತೆ ತುಂಬುವಂತಿಲ್ಲವಾದ್ದರಿಂದ ಎಂದೂ ತೊಳೆದಿಲ್ಲ. ಆದರೆ ವಿಡಿಯೋಗಳಲ್ಲಿ ಕಾಣುವ ಹಾಗೆ ಹಳೆಯ ಮಿಕ್ಸಿ ಮೋಟರಿನಿಂದ ಒಂದು ತಿರುಗುವ ಡ್ರಮ್ ಮಾಡಿ, ಅದರಲ್ಲಿ ಭತ್ತದ ಉಮಿ ತುಂಬಿ ಕೇಸುಗಳನ್ನು ಹಾಕಿ ಓಡಿಸಬೇಕೆಂದಿದ್ದೆ. ಅಲ್ಲಿಯವರು ಆಕ್ರೋಡಿನ ಚಿಪ್ಪಿನ ತರಿ, ಜೋಳದ ದಿಂಡಿನ ತರಿ ಹಾಕುತ್ತಾರೆ, ನಮ್ಮಲ್ಲಿ ಉಮಿಗೇನು ಬರವೇ? ನೀರಿಲ್ಲ, ಆಮ್ಲವಿಲ್ಲ, ಸತು ಹೋಗುವ ಭಯವಿಲ್ಲ.

ಪೊನ್ನಂಪೇಟೆ ಆರ್ಮರರ್

ತಮ್ಮ, ಸತು ಹೋಗುವುದಿಲ್ಲ ನಿಜ, ಸೀಸ ನಿನ್ನ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಗೆ ಒಣದಾಗಿ ತಿರುಗಿಸುವ ಡ್ರಮ್ಮಿನಲ್ಲಿ ಕೇಸಿನೊಳಗಿನ ಪುಡಿಯೆಲ್ಲ ಉಮಿಗೆ ಅಂಟಿ, ಉಜ್ಜಿ ಉಜ್ಜಿ ಇನ್ನೂ ನುಣ್ಣಗಾಗಿ, ಮುಚ್ಚಳ ತೆಗೆದಾಗ ಹೊಗೆಯಂತೆ ಏಳುತ್ತದೆ. ಜರಡಿ ಹಿಡಿದು ಕೇಸನ್ನೂ ಉಮಿಯನ್ನೂ ಬೇರ್ಪಡಿಸುವ ಹೊತ್ತೇ ಎಲ್ಲಕ್ಕಿಂತ ಕೆಟ್ಟದ್ದು. ಅನುಭವಸ್ಥರು ಒದ್ದೆ ಕಾಗದದ ಚೂರುಗಳನ್ನು ಜೊತೆಗೆ ಹಾಕಿ ಧೂಳು ಹಿಡಿಸುತ್ತಾರೆ, ಮನೆಯ ಹೊರಗೆ ಗಾಳಿಗೆ ಬೆನ್ನು ಕೊಟ್ಟು ನಿಂತು ಮುಚ್ಚಳ ತೆಗೆಯುತ್ತಾರೆ, ಉಮಿಯನ್ನು ಆಗಾಗ ಬದಲಿಸುತ್ತಾರೆ. ನಿನ್ನ ಉಮಿಯಲ್ಲಿ ಸಿಲಿಕಾ ಹೆಚ್ಚು, ಅದರ ಧೂಳೂ ಒಳ್ಳೆಯದಲ್ಲ. ಹೊಳಪು ಬರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ.

ಒದ್ದೆ ವಿಧಾನ ನನಗೆ ಮೆಚ್ಚುಗೆ. ನೀರು, ಸೋಪು, ಚಿಟಿಕೆ ನಿಂಬೆಉಪ್ಪು, ಜೊತೆಗೆ ಸ್ಟೀಲಿನ ಸಣ್ಣ ಕಡ್ಡಿಗಳು. ಡ್ರಮ್ ತಿರುಗಿದಾಗ ಕಡ್ಡಿಗಳು ಕೇಸಿನೊಳಗೆ ಹೊಕ್ಕು ಮೂಲೆ ಮೂಲೆಯ ಮಸಿ ಕೆರೆಯುತ್ತವೆ, ಪುಡಿ ನೀರಿನಲ್ಲೇ ಉಳಿಯುತ್ತದೆ. ಆದರೆ ಎರಡು ತೊಂದರೆಗಳಿವೆ. ಗಂಟೆಗಟ್ಟಲೆ ಓಡಿಸಿದರೆ ಕೇಸಿನ ಬಾಯಂಚು ಒಂದಕ್ಕೊಂದು ಬಡಿದು ಮಡಿಚಿಕೊಳ್ಳುತ್ತದೆ. ಇನ್ನೊಂದು, ಕಡ್ಡಿ ಒಳಗೆ ಸಿಕ್ಕಿಕೊಂಡು ಉಳಿಯುವುದು. ಪ್ರತಿ ಕೇಸಿನ ಒಳಗೂ ಬೆಳಕು ಹಾಯಿಸಿ ನೋಡಲೇಬೇಕು. ತೋಟಗಾರರ 41 ಕೇಸುಗಳಿಗೆ ಇದಾವುದೂ ಬೇಡ, ಬಾಟಲಿ ತೊಳೆಯುವ ನೈಲಾನ್ ಬ್ರಶ್ ಸಾಕು. ತಂತಿ ಬ್ರಶ್ ಮುಟ್ಟಿಸಬೇಡಿ, ಅಚ್ಚಿನ ಅಕ್ಷರಗಳು ಹೋಗುತ್ತವೆ.

ಗೋಣಿಕೊಪ್ಪ ಪಾತ್ರೆಯಂಗಡಿ

ಒಣಗಿಸುವುದರ ಬಗ್ಗೆ ಯಾರೂ ಹೇಳಲಿಲ್ಲ. ಈ ಮಳೆಯಲ್ಲಿ ಬಿಸಿಲು ಎಲ್ಲಿಂದ ತರುವುದು? ನಮ್ಮಲ್ಲಿ ಎಲ್ಲವನ್ನೂ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತೇವೆ.

ಪೊನ್ನಂಪೇಟೆ ಆರ್ಮರರ್

ಒಲೆಯ ಮೇಲಿನ ಅಟ್ಟದಲ್ಲಿ ಮೆಣಸು ಒಣಗಲಿ. ಕೆಂಡದ ಬಳಿಯಾಗಲಿ ಅಡಿಗೆಯ ಓವನ್ನಿನಲ್ಲಾಗಲಿ ಇಡಬೇಡಿ. ಓವನ್ ಬೇಡವೆಂದದ್ದು ಸೀಸಕ್ಕಾಗಿ. ಕೆಂಡ ಬೇಡವೆಂದದ್ದು ಇನ್ನೊಂದು ಕಾರಣಕ್ಕೆ: ಕೇಸಿನ ಬುಡ ಗಟ್ಟಿಯಾಗಿರಬೇಕು, ಬಾಯಿ ಮೆದುವಾಗಿರಬೇಕು, ಕಾರ್ಖಾನೆಯಲ್ಲಿ ಹಾಗೆಂದೇ ಹದ ಮಾಡಿರುತ್ತಾರೆ. ಸುಮಾರು 250 ಡಿಗ್ರಿ ದಾಟಿದರೆ ಹಿತ್ತಾಳೆ ಮೆತ್ತಗಾಗಲು ತೊಡಗುತ್ತದೆ. ಬುಡ ಮೆತ್ತಗಾದ ಕೇಸು ನೋಡಲು ಸರಿಯಾಗೇ ಇರುತ್ತದೆ, ಅದರಲ್ಲಿ ಮತ್ತೆ ಹೊಡೆಯುವವನ ಮುಖದ ಮುಂದೆ ಅದು ಒಡೆಯುತ್ತದೆ. ಕೊನೆಯ ಸಲ ಕುದಿಯುವ ನೀರಿನಲ್ಲಿ ಜಾಲಿಸಿ ಬಾಯಿ ಕೆಳಗೆ ಮಾಡಿ ಹಳೆಯ ಟವೆಲ್ ಮೇಲೆ ನಿಲ್ಲಿಸಿ, ಫ್ಯಾನ್ ಹಾಕಿ. ಲೋಹ ಹಿಡಿದಿಟ್ಟ ಬಿಸಿಗೇ ಅರ್ಧ ನೀರು ಆವಿಯಾಗುತ್ತದೆ.

ಸೋಮವಾರಪೇಟೆ ರಸಾಯನ

ತೊಳೆದ ನೀರನ್ನು ಎಲ್ಲಿ ಚೆಲ್ಲುತ್ತೀರಿ ಎಂಬುದನ್ನು ಕೇಳಲು ಮರೆತಿದ್ದೆ. ತೋಡಿಗೆ ಚೆಲ್ಲಬೇಡಿ, ಬಾಳೆಲೆಯ ತೋಡಿನ ನೀರು ಕೊನೆಗೆ ಕಾವೇರಿಗೇ ಹೋಗುವುದು. ಬಾವಿಯ ಬಳಿಯೂ ತರಕಾರಿ ಮಡಿಗೂ ಬೇಡ. ಬಕೆಟ್ಟಿನಲ್ಲಿ ಅಡಿಗೆ ಸೋಡಾ ಹಾಕಿ ಎರಡು ದಿನ ಅಲುಗಿಸದೆ ಬಿಟ್ಟರೆ ತಾಮ್ರ ಮತ್ತು ಸೀಸದ ಬಹುಪಾಲು ತಳಕ್ಕೆ ಮಡ್ಡಿಯಾಗಿ ಇಳಿಯುತ್ತದೆ. ಆ ಮಡ್ಡಿಯನ್ನು ಮುಚ್ಚಳ ಬಿಗಿಯಾದ ಬಾಟಲಿಗೆ ತುಂಬಿ ಮೇಲೆ ಹೆಸರು ಬರೆದು, ಹಳೆಯ ಬ್ಯಾಟರಿ, ಟ್ಯೂಬ್‌ಲೈಟುಗಳ ಜೊತೆ ಅಪಾಯಕಾರಿ ಕಸವಾಗಿ ಕೊಡಿ.

ಬಾಳೆಲೆ ತೋಟಗಾರ

ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ತುಂಬಿದ್ದ ಆ ಒಂದನ್ನು ಠಾಣೆಯವರು ಬಂದು ರಸೀದಿ ಕೊಟ್ಟು ಒಯ್ದರು. ಉಳಿದ 41ನ್ನು ಹಿತ್ತಿಲಿನ ಕಾಫಿ ಕಣದ ಅಂಚಿನಲ್ಲಿ ಅಂಟುವಾಳದ ಬಿಸಿ ನೀರಿನಲ್ಲಿ ಮೊದಲು ನೆನೆಸಿದೆ. ಕರಿ ಮದ್ದಿನ ಮಸಿ ಬಿಸಿ ನೀರಿಗೆ ಇಷ್ಟು ಸುಲಭವಾಗಿ ಬಿಡುತ್ತದೆಂದು ತಿಳಿದಿರಲಿಲ್ಲ, ಬಕೆಟ್ಟಿನ ತುಂಬ ಕೊಳೆತ ಮೊಟ್ಟೆಯ ವಾಸನೆ. ಆಮೇಲೆ ನಿಂಬೆಉಪ್ಪಿನ ನೀರಿನಲ್ಲಿ ಗಡಿಯಾರ ನೋಡಿಕೊಂಡು ಏಳು ನಿಮಿಷ. ನೀರು ತಿಳಿ ಹಸಿರಾಯಿತು.

ಒಣಗಿದ ಮೇಲೆ ಮಗಳ ಓದುವ ಲೆನ್ಸ್ ಹಿಡಿದು ಕುಳಿತೆ. ಆರು ಕೇಸುಗಳಲ್ಲಿ ಬಿರುಕು. ಐದರಲ್ಲಿ ಬಾಯಿಂದ ಕೆಳಕ್ಕೆ ಕೂದಲೆಳೆಯಷ್ಟು ಸಣ್ಣ ಗೆರೆಗಳು, ಆರನೆಯದರಲ್ಲಿ ಮಾತ್ರ ಗೆರೆ ಅಡ್ಡಡ್ಡವಾಗಿ ಕವಲೊಡೆದಿತ್ತು, ಒಣಗಿದ ಕೆರೆಯ ಕೆಸರಿನ ಹಾಗೆ. ಉಗುರು ಒತ್ತಿದರೆ ಚೂರು ಕಳಚಿ ಬಂತು. ಒಳಗಿನ ಅಂಚು ಹೊಳೆಯಲಿಲ್ಲ, ಮಾಸಲಾಗಿಯೇ ಇತ್ತು.

ಸೋಮವಾರಪೇಟೆ ರಸಾಯನ

ಅಂಚು ಮಾಸಲಾಗಿದ್ದರೆ ಆ ಬಿರುಕು ನೀವು ತೊಳೆಯುವುದಕ್ಕೆ ಬಹಳ ಮುಂಚೆಯೇ ಇತ್ತೆಂದಾಯಿತು. ಕವಲೊಡೆದದ್ದು ಕೊಟ್ಟಿಗೆಯ ಕೆಲಸವಿರಬೇಕೆಂದು ನನ್ನ ಊಹೆ, ಉಳಿದ ಐದು ಪದೇಪದೇ ತುಂಬಿ ಹೊಡೆದು ಬಾಯಿ ದಣಿದದ್ದಿರಬಹುದು. ಆ ಆರನೆಯದನ್ನು ಎಸೆಯಬೇಡಿ. ನಿಮ್ಮ ಒಪ್ಪಿಗೆ ಇದ್ದರೆ ತರಗತಿಯಲ್ಲಿ ತೋರಿಸಲು ಬೇಕಿತ್ತು.

ಬಾಳೆಲೆ ತೋಟಗಾರ

ಖಂಡಿತ ಅಕ್ಕ, ಗೋಣಿಕೊಪ್ಪದ ಸಂತೆಗೆ ಬಂದಾಗ ಪಾತ್ರೆಯಂಗಡಿಯಲ್ಲಿ ಕೊಟ್ಟಿರುತ್ತೇನೆ, ಚೂರನ್ನೂ ಕಾಗದದಲ್ಲಿ ಸುತ್ತಿ. ಉಳಿದ 35ನ್ನು ನಾರಿನ ಬಟ್ಟೆಯ ಚೀಲದಲ್ಲಿ ಹಾಕಿ ನಡುಬಾಡೆಯ ಒಣ ಕಪಾಟಿನಲ್ಲಿಟ್ಟಿದ್ದೇನೆ. ತಾಯಿಯವರಿಗೆ ಕೊಂಚ ನಿರಾಸೆ, ಇನ್ನೂ ಹೊಳೆಯಬೇಕಿತ್ತಂತೆ. ಭಾವ ತಮ್ಮ ನೂರು ಕೇಸುಗಳಲ್ಲಿ ಹನ್ನೊಂದಕ್ಕೆ ಉಂಗುರದ ಗೆರೆ ಕಂಡು ಅಷ್ಟನ್ನೂ ಚಪ್ಪಟೆ ಮಾಡಿದ್ದಾರೆ. ಉಳಿದವನ್ನು ಏನು ಮಾಡಬೇಕೆಂದು ಕೇಳಲು ಸೋಮವಾರ ಮಡಿಕೇರಿಗೆ ಅರ್ಜಿ ಹಿಡಿದು ಹೋಗುತ್ತಾರೆ. ವಕೀಲರೇ, ಅರ್ಜಿಯ ಕರಡನ್ನು ನಿಮಗೆ ಕಳಿಸಬಹುದೇ?

ವಿರಾಜಪೇಟೆ ವಕೀಲ

ಕಳಿಸಿ. ಚಪ್ಪಟೆ ಮಾಡಿದ ಹನ್ನೊಂದರ ಲೆಕ್ಕವನ್ನೂ ಅದರಲ್ಲಿ ಬರೆಯಿರಿ.